ಮೂರು ಚಿತ್ರಗಳಲ್ಲಿ ಒಂದನ್ನು ಆರಿಸುವ ಮೊದಲು

ಮಾನ್ಯರೇ,

ನಿಮ್ಮ ಪತ್ರ ತಲುಪಿತು. ಉಳಿದ ಓದುಗರಿಗಾಗಿ ಅದರ ತಿರುಳನ್ನು ಮೊದಲು ಹೇಳುತ್ತೇನೆ. ನೀವು ಬೆಂಗಳೂರಿನ ವಿಶ್ವವಿದ್ಯಾಲಯವೊಂದರಲ್ಲಿ ರಸಾಯನಶಾಸ್ತ್ರದ ಅಧ್ಯಾಪಕಿ. ನಿಮ್ಮ ವಿಭಾಗ ಇರುವುದು ಇಟ್ಟಿಗೆ ಮತ್ತು ಸುಣ್ಣದ ಗಾರೆಯ ಹಳೆಯ ಕಟ್ಟಡದಲ್ಲಿ. ಅದರ ಹೊರಮೈಯನ್ನು ನವೀಕರಿಸಲು ಹೊರಟಿದ್ದಾರೆ. ಅಭಿಪ್ರಾಯ ಹೇಳುವ ಸಮಿತಿಗೆ ನಿಮ್ಮನ್ನೂ ಸೇರಿಸಿದ್ದಾರೆ. ಮೊದಲ ಸಭೆಯಲ್ಲಿ ಮೂರು ಚಿತ್ರಗಳನ್ನು ತೋರಿಸಿ ಯಾವುದು ಚೆನ್ನಾಗಿದೆ ಎಂದು ಕೇಳಿದರು. ಮೂರರಲ್ಲೂ ಮುಂಭಾಗಕ್ಕೆ ಗಾಜು, ಅಲ್ಯೂಮಿನಿಯಂ ಹಾಳೆ, ಬಣ್ಣವೊಂದೇ ಬೇರೆ. “ಕಟ್ಟಡಗಳ ಬಗ್ಗೆ ನನಗೇನೂ ತಿಳಿಯದು. ಪ್ರಯೋಗಾಲಯದ ನಲ್ಲಿ ಸೋರುತ್ತಿರುವಾಗ ಹೊರಗಿನ ಅಂದಕ್ಕೆ ಇಷ್ಟು ಚರ್ಚೆ ಬೇಕೆ? ಸಹಿ ಹಾಕಿ ಎದ್ದು ಬಂದುಬಿಡಲೇ?” ಎಂದು ಕೇಳಿದ್ದೀರಿ.

ದಯವಿಟ್ಟು ಸಹಿ ಹಾಕಬೇಡಿ.

ನಿಮಗೆ ತಿಳಿಯದು ಎಂಬ ಮಾತನ್ನು ನಾನು ಒಪ್ಪಲಾರೆ. ಸುಣ್ಣದ ತಿಳಿನೀರಿಗೆ ಉಸಿರು ಊದಿದರೆ ಅದು ಹಾಲಿನಂತೆ ಬೆಳ್ಳಗಾಗುವುದನ್ನು ಎಷ್ಟು ತಂಡದ ಮಕ್ಕಳಿಗೆ ತೋರಿಸಿದ್ದೀರೋ! ನಿಮ್ಮ ಗೋಡೆಯ ಗಾರೆಯಲ್ಲಿ ನಡೆದಿರುವುದೂ ಅದೇ. ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡನ್ನು ಹೀರುತ್ತಾ ಸುಣ್ಣ ನಿಧಾನವಾಗಿ ಮತ್ತೆ ಕಲ್ಲಾಗಿದೆ. ಆದರೂ ಅದರ ಸೂಕ್ಷ್ಮರಂಧ್ರಗಳು ಮುಚ್ಚಿಲ್ಲ. ಮಳೆಗಾಲದಲ್ಲಿ ಕುಡಿದ ತೇವವನ್ನು ಬಿಸಿಲು ಬಂದಾಗ ಬಿಟ್ಟುಕೊಡುವುದು ಆ ಗೋಡೆಯ ಸ್ವಭಾವ. ಅದರ ಮೇಲೆ ಸಿಮೆಂಟು ಬಳಿದು ಪ್ಲಾಸ್ಟಿಕ್ ಬಣ್ಣ ಹೊಡೆದರೆ ತೇವಕ್ಕೆ ಹೊರದಾರಿಯೇ ಉಳಿಯುವುದಿಲ್ಲ. ಹಾಳೆ ಹೊದಿಸಿದರೆ ಗೋಡೆಯ ಸ್ಥಿತಿ ಕಣ್ಣಿಗೂ ಬೀಳುವುದಿಲ್ಲ.

ನಾನು ಓದಿದ ಕಾಲೇಜಿನಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ಗೋಡೆಯ ಬುಡದಲ್ಲಿ ಒದ್ದೆ ಕಾಣುತ್ತದೆಂದು ಎರಡಡಿ ಎತ್ತರಕ್ಕೆ ಸಿಮೆಂಟು ಪಟ್ಟಿ ಹಾಕಿದರು. ಕೆಲವೇ ವರ್ಷಗಳಲ್ಲಿ ಒದ್ದೆ ಆ ಪಟ್ಟಿಯನ್ನು ದಾಟಿ ಕಿಟಕಿಯ ಅಂಚಿನವರೆಗೆ ಏರಿತು. ಬಣ್ಣ ಗುಳ್ಳೆ ಎದ್ದು ಉದುರಿತು. ಉದುರಿದಲ್ಲಿ ಬಿಳಿಯ ಉಪ್ಪು, ಉಪ್ಪಿನ ಹಿಂದೆ ಮೆತ್ತಗಾದ ಇಟ್ಟಿಗೆ. ಬೆರಳಿಂದ ಕೆರೆದರೆ ಕೆಂಪು ಪುಡಿ ಅಂಗೈ ತುಂಬುತ್ತಿತ್ತು. ನಾವು ವಿದ್ಯಾರ್ಥಿಗಳು ಆ ಗೋಡೆಗೆ ಒರಗಿ ಹರಟೆ ಹೊಡೆಯುತ್ತಿದ್ದೆವು. ಅದರ ರೋಗ ಏನೆಂದು ಒಬ್ಬರೂ ಕೇಳಲಿಲ್ಲ. ಆ ಬೇಸರ ನನಗೆ ಈಗಲೂ ಇದೆ. ಅದಕ್ಕೇ ಇಷ್ಟು ಉದ್ದವಾಗಿ ಬರೆಯುತ್ತಿದ್ದೇನೆ.

ಸಮಿತಿಯಲ್ಲಿ ನೀವು ಮೊದಲು ಕೇಳಬೇಕಾದದ್ದು ಬಣ್ಣದ ವಿಷಯವಲ್ಲ. ಅಂದಾಜು ಪಟ್ಟಿ ಸಿದ್ಧವಾಗಿದೆಯೇ ಎಂದು ಕೇಳಿ. ನಮ್ಮಲ್ಲಿ ಕ್ರಮವೇ ತಲೆಕೆಳಗಾಗಿರುತ್ತದೆ. ದರಪಟ್ಟಿ ನೋಡಿ ಅಂದಾಜು ಮಾಡುತ್ತಾರೆ, ಇಷ್ಟು ಚದರ ಮೀಟರ್ ಹಾಳೆ, ಇಷ್ಟು ಗಾಜು ಎಂದು ಬರೆಯುತ್ತಾರೆ, ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್ ಒಪ್ಪುತ್ತದೆ, ಟೆಂಡರ್ ಆಗುತ್ತದೆ. ಆಮೇಲೆ ಸಮಿತಿಯನ್ನು ಕೂರಿಸಿ ಚಿತ್ರ ತೋರಿಸುತ್ತಾರೆ. ಆಗ ಯಾರು ಏನು ಹೇಳಿದರೂ ಬದಲಾಗುವುದು ಬಣ್ಣವೊಂದೇ. ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಇದಕ್ಕೆಂದೇ ವಾಸ್ತುಶಿಲ್ಪ ಆಯೋಗವೊಂದು ದಶಕಗಳಿಂದ ಕೆಲಸ ಮಾಡುತ್ತಿದೆ. ಕಟ್ಟಡ ಎಲ್ಲಿ ಬರಬೇಕು ಎಂಬಲ್ಲಿಂದಲೇ ಅದರ ಪರಿಶೀಲನೆ ಶುರುವಾಗುತ್ತದೆ. ನಮ್ಮ ವಿಶ್ವವಿದ್ಯಾಲಯಗಳಿಗೆ ಅಷ್ಟು ದೊಡ್ಡ ಏರ್ಪಾಡು ಬೇಕಿಲ್ಲ. ನಕ್ಷೆ ಇನ್ನೂ ಪೆನ್ಸಿಲಿನಲ್ಲಿರುವಾಗ ನಾಲ್ಕು ಜನ ಗೋಡೆಯ ಮುಂದೆ ನಿಂತು ನೋಡಿದರೂ ಸಾಕು. ಅಂದಾಜು ಆಗಿಹೋಗಿದ್ದರೆ ಅದನ್ನು ವಾಪಸು ಕಳುಹಿಸಬೇಕೆಂದು ನಡಾವಳಿಯಲ್ಲಿ ಬರೆಸಿ. ಬಾಯಿಮಾತಿನಲ್ಲಿ ಬಿಡಬೇಡಿ.

ಗಾಜಿನ ಮಾತು ಬಂದರೆ ನಿಮ್ಮ ಮುಂಭಾಗ ಯಾವ ದಿಕ್ಕಿಗಿದೆ ಎಂದು ಕೇಳಿ. ಪಶ್ಚಿಮಕ್ಕಿದ್ದರೆ ಮಾರ್ಚ್, ಏಪ್ರಿಲ್ ಮಧ್ಯಾಹ್ನಗಳಲ್ಲಿ ಒಳಗೆ ಕೂರುವುದು ಕಷ್ಟ. ಆಮೇಲೆ ಏಸಿ ಬೇಕಾಗುತ್ತದೆ, ಏಸಿಯ ಡಬ್ಬಗಳು ಮತ್ತೆ ಅದೇ ಹೊರಗೋಡೆಗೆ ನೇತುಬೀಳುತ್ತವೆ.

ದೊಡ್ಡ ಕಟ್ಟಡಕ್ಕಾದರೆ ಹತ್ತು ಜನ ಕೂತು ಚರ್ಚಿಸುತ್ತಾರೆ. ಆವರಣಗಳು ಕೆಡುವುದು ಹೆಚ್ಚಾಗಿ ಯಾರೂ ಚರ್ಚಿಸದ ಸಣ್ಣ ಕೆಲಸಗಳಿಂದ. ಬನ್ನೇರುಘಟ್ಟ ರಸ್ತೆಯ ಐಐಎಂ ಆವರಣಕ್ಕೆ ಒಮ್ಮೆ ಹೋಗಿ ಬನ್ನಿ. ವಾಸ್ತುಶಿಲ್ಪಿ ಬಿ.ವಿ. ದೋಶಿ ಅಲ್ಲಿ ಗಾರೆ ಮೆತ್ತದ ಬೂದುಕಲ್ಲಿನ ಗೋಡೆಗಳ ನಡುವೆ ಉದ್ದುದ್ದ ಓಣಿಗಳನ್ನು ಹರಿಸಿದ್ದಾರೆ. ಕೆಲವೆಡೆ ಮೇಲೆ ತೊಲೆಗಳಷ್ಟೇ ಇವೆ, ನಡುವೆ ಆಕಾಶ. ಬೆಳಿಗ್ಗೆ ನಡೆದರೆ ನೆಲದ ಮೇಲೆ ನೆರಳಿನ ಪಟ್ಟಿಗಳು ಬಿದ್ದಿರುತ್ತವೆ. ಮಳೆ ನೀರು ಬೀಳುತ್ತದೆಂದು ಯಾರಾದರೂ ಆ ತೊಲೆಗಳ ಮೇಲೆ ಪ್ಲಾಸ್ಟಿಕ್ ಶೀಟು ಹೊದಿಸಿದರೆ ಅದು ಲೆಕ್ಕದಲ್ಲಿ ತೀರಾ ಚಿಕ್ಕ ಕಾಮಗಾರಿ. ಆದರೆ ಆ ಓಣಿ ಅಂದಿಗೇ ಮುಗಿದಂತೆ. ನಿಮ್ಮಲ್ಲೂ ಪೈಪು, ಕೇಬಲ್, ಫ್ಲೆಕ್ಸ್ ಚೌಕಟ್ಟು, ಮರದ ಬುಡಕ್ಕೆ ಒತ್ತಿ ಹಾಸಿದ ಇಂಟರ್‌ಲಾಕ್ ಇಟ್ಟಿಗೆ ಇವೆಲ್ಲ ಸಮಿತಿಯ ಮುಂದೆ ಬರಲಿ. ಮರ ಕಡಿಯುವುದಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಬುಡಕ್ಕೆ ನೀರಿಳಿಯದಂತೆ ಮುಚ್ಚಿ ಅದೇ ಮರವನ್ನು ಒಣಗಿಸುವುದು ಮಾತ್ರ ಯಾರ ಮೇಜಿಗೂ ಬರುವುದಿಲ್ಲ.

ಒಂದು ಬದಲಾವಣೆಯನ್ನಂತೂ ನೀವೇ ಹಟ ಹಿಡಿದು ಕೇಳಬೇಕು. ಮುಂಬಾಗಿಲಿಗೆ ಏಳು ಮೆಟ್ಟಿಲು, ಗಾಲಿಕುರ್ಚಿಯ ವಿದ್ಯಾರ್ಥಿಯೊಬ್ಬನನ್ನು ಗೆಳೆಯರು ಎತ್ತಿಕೊಂಡು ಹೋಗುತ್ತಾರೆ ಎಂದು ಬರೆದಿದ್ದೀರಿ. ಪತ್ರದಲ್ಲಿ ನನ್ನನ್ನು ಕಲಕಿದ ಸಾಲು ಅದು. ಮೂರು ಚಿತ್ರಗಳಲ್ಲಿ ಒಂದರಲ್ಲೂ ರ‍್ಯಾಂಪ್ ಇಲ್ಲವಲ್ಲ! ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ. ರ‍್ಯಾಂಪಿನ ಇಳಿಜಾರು ಒಂದಕ್ಕೆ ಹನ್ನೆರಡಕ್ಕಿಂತ ಕಡಿದಾಗಿರಬಾರದು, ಅಂದರೆ ಒಂದಡಿ ಏರಲು ಕನಿಷ್ಠ ಹನ್ನೆರಡಡಿ ಉದ್ದ ಬೇಕು. ಏಳು ಮೆಟ್ಟಿಲು ಎಂದರೆ ಸುಮಾರು ಮೂರೂವರೆ ಅಡಿ. ಅಲ್ಲಿಗೆ 42 ಅಡಿ ಉದ್ದ, ನಡುವೆ ನಿಲ್ಲಲು ಸಮತಟ್ಟು ಜಾಗ ಬೇರೆ. ಇದರಿಂದ ಕಟ್ಟಡದ ಮುಖ ಖಂಡಿತ ಬದಲಾಗುತ್ತದೆ. ಬದಲಾಗಲಿ. ಹಳೆಯ ಅಂದ ಕೆಡುತ್ತದೆಂದು ಆ ಹುಡುಗನನ್ನು ಹಿಂಬಾಗಿಲಿಗೆ ಕಳುಹಿಸುವುದನ್ನು ನಾನು ಒಪ್ಪುವುದಿಲ್ಲ. ಜಗಲಿಯ ಕಲ್ಲನ್ನೇ ಬಳಸಿ, ಗೋಡೆಗೆ ತಾಗದಂತೆ ಒಂದು ತಿರುವು ಕೊಟ್ಟು ಕಟ್ಟಬಲ್ಲ ವಾಸ್ತುಶಿಲ್ಪಿಗಳು ಈ ಊರಿನಲ್ಲಿದ್ದಾರೆ.

ಒಬ್ಬರ ಮಾತಿನಿಂದ ಏನಾದೀತು ಎಂಬ ಅಳುಕು ನಿಮ್ಮ ಪತ್ರದಲ್ಲಿ ಕಂಡಿತು. ಕಬ್ಬನ್ ಉದ್ಯಾನದ ಅಂಚಿನ ಅಠಾರಾ ಕಚೇರಿಯನ್ನು ಕೆಡವಲು ಸರ್ಕಾರವೇ ಹೊರಟಿತ್ತು. ನಾಗರಿಕರು ಬಿಡದೆ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಆ ಕೆಂಪು ಕಟ್ಟಡದಲ್ಲಿ ಇಂದು ಹೈಕೋರ್ಟ್ ಕಲಾಪ ನಡೆಯುತ್ತಿದೆ.

ಸೋರುವ ನಲ್ಲಿಯನ್ನೂ ಸಭೆಯಲ್ಲಿ ಎತ್ತಿ. ಹಾಳೆ ಮತ್ತು ಗಾಜಿನ ಮೊತ್ತದಲ್ಲಿ ಕೊಳಾಯಿ, ತಾರಸಿ, ಮಳೆನೀರಿನ ಪೈಪು ಎಷ್ಟರಮಟ್ಟಿಗೆ ದುರಸ್ತಿಯಾಗುತ್ತವೆ ಎಂದು ಲೆಕ್ಕ ಕೇಳಿ. ಯಾವುದೇ ಲೇಪ ಒಪ್ಪುವ ಮೊದಲು ಹಿಂಗೋಡೆಯಲ್ಲಿ ಒಂದು ಚದರ ಮೀಟರ್ ಮಾದರಿ ಮಾಡಿಸಿ, ಒಂದು ಮಳೆಗಾಲ ಬಿಟ್ಟು ನೋಡಿ.

ಮುಂದಿನ ಸಭೆ ತಿಂಗಳ ಕೊನೆಗೆ ಎಂದಿದ್ದೀರಿ. ಅಷ್ಟರೊಳಗೆ ಒಂದು ಜೋರು ಮಳೆ ಬಂದರೆ ಕೊಡೆ ಹಿಡಿದು ಕಟ್ಟಡವನ್ನು ಒಂದು ಸುತ್ತು ಹಾಕಿ. ನೀರು ಎಲ್ಲಿಂದ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ, ಯಾವ ಸಜ್ಜದ ಕೆಳಗೆ ಗೋಡೆ ಕಪ್ಪಾಗಿದೆ, ಎಲ್ಲವನ್ನೂ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ಅವರ ಮೂರು ಚಿತ್ರಗಳ ಪಕ್ಕದಲ್ಲಿ ಅವನ್ನು ಮೇಜಿನ ಮೇಲಿಡಿ. ಸಭೆಯಲ್ಲಿ ಏನಾಯಿತೆಂದು ನನಗೆ ಬರೆಯಿರಿ.

ವಿಶ್ವಾಸದಿಂದ,
ಸಂಪಾದಕ