ಹಾಡಿಗೊಬ್ಬ ಆಟಗಾರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಒಂದು ಆಲ್ಬಮ್ಮಿನ ಹಾಡುಗಳನ್ನು ಅಮೆರಿಕದ ಕಾಲೇಜು ಫುಟ್‌ಬಾಲ್ ಆಟಗಾರರ ಜತೆ ಜೋಡಿ ಮಾಡಿ ನೋಡುವುದೂ ಒಂದು ಹವ್ಯಾಸ. ಕಳೆದ ಸಂಚಿಕೆಯಲ್ಲಿ ಓದುಗರ ಮುಂದೆ ಅದನ್ನೇ ಇಟ್ಟಿದ್ದೆವು. ಒಂದು ಕಡೆ ಅಮೆರಿಕದ ಆರ್.ಇ.ಎಂ. ರಾಕ್ ಬ್ಯಾಂಡಿನ 1983ರ ಆಲ್ಬಂ ‘ಮರ್ಮರ್’, ಇನ್ನೊಂದು ಕಡೆ ಜಾರ್ಜಿಯಾ ವಿಶ್ವವಿದ್ಯಾಲಯದ 1980ರ ಫುಟ್‌ಬಾಲ್ ತಂಡ. ಬಂದ ಪತ್ರಗಳಲ್ಲಿ ಆರಿಸಿದ ಕೆಲವು ಇಲ್ಲಿವೆ.

ಪ್ರಶ್ನೆ: ಹಾಡಿಗೂ ಚೆಂಡಾಟಕ್ಕೂ ಎತ್ತಣಿಂದೆತ್ತ ಸಂಬಂಧ? ಈ ಎರಡನ್ನೇ ಯಾಕೆ ಆರಿಸಿದಿರಿ? – ಶಿವಮೊಗ್ಗದ ಓದುಗರು

ಉತ್ತರ: ಎರಡೂ ಒಂದೇ ಊರಿನವು, ಹುಟ್ಟಿದ್ದೂ ಒಂದೇ ವರ್ಷ. ಜಾರ್ಜಿಯಾ ರಾಜ್ಯದ ಅಥೆನ್ಸ್ ಎಂಬ ವಿಶ್ವವಿದ್ಯಾಲಯದ ಊರಿನಲ್ಲಿ, ಹಳೆಯ ಚರ್ಚೊಂದರಲ್ಲಿ ನಡೆದ ಗೆಳತಿಯ ಹುಟ್ಟುಹಬ್ಬಕ್ಕೆ ಆರ್.ಇ.ಎಂ. ಮೊದಲ ಸಲ ನುಡಿಸಿದ್ದು 1980ರ ಏಪ್ರಿಲ್ 5ರಂದು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಆಟ ಶುರು ಮಾಡಿದ ಜಾರ್ಜಿಯಾ ತಂಡ ಆಡಿದ 12 ಪಂದ್ಯಗಳನ್ನೂ ಗೆದ್ದಿತು. 1981ರ ಜನವರಿ 1ರಂದು ನ್ಯೂ ಆರ್ಲಿಯನ್ಸ್‌ನ ಶುಗರ್ ಬೌಲ್ ಪಂದ್ಯದಲ್ಲಿ ನೋಟರ್‌ಡೇಮ್ ತಂಡವನ್ನು 17–10ರಿಂದ ಸೋಲಿಸಿ ರಾಷ್ಟ್ರದ ಚಾಂಪಿಯನ್ ಆಯಿತು. ಗಾಯಕ ಮೈಕೆಲ್ ಸ್ಟೈಪ್, ಬಾಸ್ ನುಡಿಸುವ ಮೈಕ್ ಮಿಲ್ಸ್, ಡ್ರಮ್ಮಿನ ಬಿಲ್ ಬೆರಿ ಮೂವರೂ ಆ ವಿಶ್ವವಿದ್ಯಾಲಯದಲ್ಲೇ ಓದುತ್ತಿದ್ದವರು. ಗಿಟಾರಿನ ಪೀಟರ್ ಬಕ್ ಊರಿನ ರೆಕಾರ್ಡ್ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಆ ದಿನಗಳಲ್ಲಿ ಇಂಥ ಬ್ಯಾಂಡುಗಳ ಹಾಡು ಹಾಕುತ್ತಿದ್ದದ್ದು ಕಾಲೇಜು ರೇಡಿಯೊಗಳು. ‘ಇಂಡೀ’ (ದೊಡ್ಡ ಕಂಪನಿಗಳ ಹಂಗಿಲ್ಲದ ರಾಕ್) ಎಂಬ ಹೆಸರು ನಿಲ್ಲುವ ಮೊದಲು ಈ ಸಂಗೀತವನ್ನು ‘ಕಾಲೇಜ್ ರಾಕ್’ ಎಂದೇ ಕರೆಯುತ್ತಿದ್ದರು. ಕಾಲೇಜ್ ರಾಕ್ ಆಲ್ಬಮ್ಮಿಗೆ ಕಾಲೇಜ್ ಫುಟ್‌ಬಾಲ್ ತಂಡ ಜೋಡಿಯಾಗುವುದು ನಮಗಂತೂ ಸಹಜವಾಗಿಯೇ ಕಾಣುತ್ತದೆ. ಅಂದಹಾಗೆ, ಎಲೆ ಅಲುಗುವ ಸದ್ದಿಗೆ ನಾವು ಹೇಳುವ ‘ಮರ್ಮರ’ಕ್ಕೂ ಆ ಆಲ್ಬಮ್ಮಿನ ಹೆಸರಿಗೂ ಅರ್ಥ ಬಲು ಹತ್ತಿರ. ಹೊದಿಕೆಯ ಚಿತ್ರದಲ್ಲೂ ಇರುವುದು ನೆಲವೆಲ್ಲ ಮುಚ್ಚಿಕೊಂಡ ಕುಡ್ಜು ಬಳ್ಳಿ.

ಪ್ರಶ್ನೆ: ಅಮೆರಿಕದ ಫುಟ್‌ಬಾಲಿನ ಗಂಧಗಾಳಿ ಇಲ್ಲ. ಎಷ್ಟು ತಿಳಿದರೆ ಸಾಕು? – ದಾವಣಗೆರೆ

ಉತ್ತರ: ಮೈದಾನ 100 ಗಜ ಉದ್ದ. ಚೆಂಡು ಕೈಯಲ್ಲಿರುವ ತಂಡಕ್ಕೆ ನಾಲ್ಕು ಯತ್ನ, ಅಷ್ಟರಲ್ಲಿ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಸಿಗುತ್ತವೆ. ಎದುರಾಳಿಯ ಗೆರೆ ದಾಟಿಸಿದರೆ ಟಚ್‌ಡೌನ್, 6 ಅಂಕ. ಒದ್ದು ಕಂಬಗಳ ನಡುವೆ ಹಾಯಿಸಿದರೆ ಫೀಲ್ಡ್ ಗೋಲ್, 3 ಅಂಕ. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಎಸೆಯುತ್ತಾನೆ ಇಲ್ಲವೇ ಓಡುವವನ ಕೈಗೆ ಕೊಡುತ್ತಾನೆ. ರನ್ನಿಂಗ್ ಬ್ಯಾಕ್ ಅದನ್ನು ಹಿಡಿದು ನುಗ್ಗುತ್ತಾನೆ. ರಿಸೀವರ್ ದೂರ ಓಡಿ ಹಿಡಿಯುತ್ತಾನೆ. ಮುಂದಿನ ಸಾಲಿನ ಐವರು ಎದುರಾಳಿಯನ್ನು ತಡೆದು ದಾರಿ ಬಿಡಿಸುತ್ತಾರೆ. ಚೆಂಡಿಲ್ಲದ ಹೊತ್ತಿನಲ್ಲಿ ಬೇರೆ 11 ಜನ ಬಂದು ರಕ್ಷಣೆ ಮಾಡುತ್ತಾರೆ. ಜೋಡಿ ಮಾಡುವುದಕ್ಕೆ ಇಷ್ಟು ಸಾಕು. ಉಳಿದದ್ದು ಒಂದು ಪೂರ್ತಿ ಪಂದ್ಯ ನೋಡಿದರೆ ತಾನಾಗಿ ತಿಳಿಯುತ್ತದೆ.

ಪ್ರಶ್ನೆ: ‘ರೇಡಿಯೊ ಫ್ರೀ ಯುರೋಪ್’ ಆಲ್ಬಮ್ಮಿನ ಮೊದಲ ಹಾಡು, ಎಲ್ಲರಿಗೂ ಗೊತ್ತಿರುವ ಹಾಡು. ಹರ್ಶಲ್ ವಾಕರ್ ಆ ತಂಡದ ದೊಡ್ಡ ಹೆಸರು. ಇಬ್ಬರನ್ನೂ ಜೋಡಿ ಮಾಡಿದೆ. ಸರಿಯೇ ಸರ್? – ಬೆಂಗಳೂರು

ಉತ್ತರ: ಪತ್ರ ಬರೆದವರಲ್ಲಿ ಹೆಚ್ಚಿನವರು ಮಾಡಿದ್ದು ಇದನ್ನೇ, ಎಡವಿದ್ದೂ ಇಲ್ಲೇ. ಹೆಸರಿಗೆ ಹೆಸರು ಜೋಡಿಸಬೇಡಿ, ಕೆಲಸಕ್ಕೆ ಕೆಲಸ ಜೋಡಿಸಿ.

ರನ್ನಿಂಗ್ ಬ್ಯಾಕ್ ವಾಕರ್ ಮೊದಲಿಗರಾಗಿ ಬಂದವರಲ್ಲ. 1980ರ ಮೊದಲ ಪಂದ್ಯ ಟೆನೆಸಿ ತಂಡದ ಮೇಲೆ. ಆರಂಭದ ಹನ್ನೊಂದರಲ್ಲಿ ಅವರಿರಲಿಲ್ಲ, ಆಗಿನ್ನೂ ಕಾಲೇಜಿನ ಮೊದಲ ವರ್ಷದ ಹುಡುಗ. ಜಾರ್ಜಿಯಾ 15–0 ಹಿಂದೆ ಬಿದ್ದಿದ್ದಾಗ ಎರಡು ಟಚ್‌ಡೌನ್ ಹೊಡೆದರು, ತಂಡ 16–15ರಿಂದ ಗೆದ್ದಿತು. ಅಲ್ಲಿಂದ ಮುಂದೆ ಆ ವರ್ಷದ ಹೊರೆಯೆಲ್ಲ ಅವರ ಹೆಗಲ ಮೇಲೆ. ಶುಗರ್ ಬೌಲ್ ಬಿಟ್ಟು ಉಳಿದ 11 ಪಂದ್ಯಗಳಲ್ಲಿ 274 ಸಲ ಚೆಂಡು ಹಿಡಿದು 1,616 ಗಜ ಓಡಿದರು. ಸುಮಾರು 100 ಕಿಲೋ ತೂಕದ ಆಳು, ಡೊಂಕು ಹಾಕದೆ ನೆಟ್ಟಗೆ ನುಗ್ಗುವ ಓಟ.

ಇದಕ್ಕೆ ಹೊಂದುವ ಹಾಡು ‘ಸಿಟಿಂಗ್ ಸ್ಟಿಲ್’. 1981ರಲ್ಲಿ ಹಿಬ್‌ಟೋನ್ ಎಂಬ ಪುಟ್ಟ ಕಂಪನಿ ಹೊರತಂದ ತಟ್ಟೆಯಲ್ಲಿ ‘ರೇಡಿಯೊ ಫ್ರೀ ಯುರೋಪ್’ ಮುಂದಿನ ಮಗ್ಗುಲು, ಇದು ಹಿಂದಿನ ಮಗ್ಗುಲು. ಆಲ್ಬಮ್ಮಿನಲ್ಲೂ ಎರಡನೇ ಮಗ್ಗುಲಿನ ಎರಡನೇ ಹಾಡು, ಅಂದರೆ ತಡವಾಗಿ ಬರುವ ಹಾಡು. ಪೀಟರ್ ಬಕ್ ಗಿಟಾರಿನ ತಂತಿಗಳನ್ನು ಒಟ್ಟಿಗೆ ಬಾರಿಸದೆ ಒಂದೊಂದಾಗಿ ಮೀಟುತ್ತಾರೆ, ಕೆಳಗೆ ಮಿಲ್ಸ್‌ರ ಬಾಸ್ ಓಡುತ್ತಲೇ ಇರುತ್ತದೆ. ಮೂರು ನಿಮಿಷ ಹಾಡು ಒಂದೇ ಸಮನೆ ಮುಂದಕ್ಕೆ ತಳ್ಳುತ್ತದೆ. ಎರಡನೇ ಮಗ್ಗುಲನ್ನು ಹೊರುವುದೇ ಈ ಹಾಡು.

ಹಾಗಾದರೆ ‘ರೇಡಿಯೊ ಫ್ರೀ ಯುರೋಪ್’ ಯಾರು? ಕ್ವಾರ್ಟರ್‌ಬ್ಯಾಕ್ ಬಕ್ ಬೆಲೂ. ಹಾಡಿನ ಮೊದಲ ಕೆಲವು ಸೆಕೆಂಡು ಕಿವಿಗೊಟ್ಟು ಕೇಳಿ. ಏನೋ ಯಂತ್ರ ಗುಂಯ್‌ಗುಟ್ಟಿ ತಡವರಿಸಿದ ಹಾಗೆ ಸದ್ದು, ಆಮೇಲೆ ಡ್ರಮ್ ಹಿಡಿದುಕೊಳ್ಳುತ್ತದೆ. ಚೆಂಡು ಕೈಗೆ ಬರುವ ಮುಂಚೆ ಕ್ವಾರ್ಟರ್‌ಬ್ಯಾಕ್ ಬಾಗಿ ನಿಂತು ಸಂಕೇತ ಕೂಗುವ ಕ್ಷಣವೂ ಹೀಗೆಯೇ. ಅಂಕಿಗಳಲ್ಲೂ ಇಬ್ಬರು ಒಂದೇ ಬಗೆ. ಈ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 78ನೇ ಸ್ಥಾನ ದಾಟಲಿಲ್ಲ. ಶುಗರ್ ಬೌಲ್‌ನಲ್ಲಿ ಬೆಲೂ ಎಸೆದ 12 ಪಾಸುಗಳಲ್ಲಿ ಕೈ ಸೇರಿದ್ದು ಒಂದೇ ಒಂದು. ಆದರೂ ಅವರಿಲ್ಲದೆ ಒಂದು ಯತ್ನವೂ ಶುರುವಾಗುವುದಿಲ್ಲ, ಈ ಹಾಡಿಲ್ಲದೆ ಆಲ್ಬಮ್ಮೂ ಅಷ್ಟೇ.

ಪ್ರಶ್ನೆ: ಇಲ್ಲಿ ಜಾರ್ಜಿಯಾದಲ್ಲೇ ಇದ್ದೇವೆ, ಪಂದ್ಯ ಬಿಡದೆ ನೋಡುತ್ತೇವೆ. ಎಲ್ಲರ ಪಟ್ಟಿಯಲ್ಲೂ ಓಡುವವರು, ಹಿಡಿಯುವವರೇ ತುಂಬಿದ್ದಾರೆ. ಮುಂದಿನ ಸಾಲಿನ ಐವರಿಗೆ ಒಂದು ಹಾಡೂ ಇಲ್ಲವೇ? – ಅಟ್ಲಾಂಟಾದ ಕನ್ನಡಿಗರು

ಉತ್ತರ: ಇದೆ, ‘ಪರ್ಫೆಕ್ಟ್ ಸರ್ಕಲ್’. ನಮ್ಮ ಲೆಕ್ಕದಲ್ಲಿ ಇಡೀ ಪಟ್ಟಿಯ ಅತ್ಯುತ್ತಮ ಜೋಡಿ ಇದೇ.

ಮೊದಲ ಮಗ್ಗುಲಿನ ಕೊನೆಯ ಹಾಡು ಇದು, ಗಿಟಾರಿನ ಆರ್ಭಟವಿಲ್ಲ. ಹಾಡು ನಿಂತಿರುವುದು ಎರಡು ಪಿಯಾನೊಗಳ ಮೇಲೆ. ಒಂದು ಮಾಮೂಲಿ ಗ್ರಾಂಡ್ ಪಿಯಾನೊ. ಇನ್ನೊಂದರ ಸುತ್ತಿಗೆಗಳಿಗೆ ಮೊಳೆ ಸಿಕ್ಕಿಸಿರುತ್ತಾರೆ, ಹಾಗಾಗಿ ಅದರ ದನಿ ತಗಡಿನಂತೆ ಕಿಣಿಕಿಣಿ ಎನ್ನುತ್ತದೆ, ಶ್ರುತಿಯೂ ಕೊಂಚ ಆಚೀಚೆ. ಮಿಲ್ಸ್ ಮತ್ತು ಬೆರಿ ಒಂದೇ ಸಾಲನ್ನು ಇವೆರಡರಲ್ಲಿ ನುಡಿಸಿದ್ದಾರೆ. ಸಾಧಾರಣ ಸ್ಪೀಕರಿನಲ್ಲಿ ಕೇಳಿದರೆ ಒಂದೇ ವಾದ್ಯ ಅನ್ನಿಸುತ್ತದೆ. ಹೆಡ್‌ಫೋನ್ ಹಾಕಿ, ಒಂದು ಸ್ವರ ಮುಗಿಯುವ ಬಾಲ ಎಲ್ಲಿ ಸೀಳುತ್ತದೆ ಎಂದು ಗಮನಿಸಿ, ಎರಡಿರುವುದು ಆಗ ಗೊತ್ತಾಗುತ್ತದೆ. ಸಾಲಿನ ಐವರೂ ಹೀಗೆಯೇ. ಹೆಗಲಿಗೆ ಹೆಗಲು ಕೊಟ್ಟು ಒಟ್ಟಿಗೆ ಚಲಿಸಿದರೆ ಗೋಡೆಯೊಂದೇ ಕಾಣುತ್ತದೆ, ಆಳು ಕಾಣುವುದಿಲ್ಲ. ಒಬ್ಬ ಅರ್ಧ ಹೆಜ್ಜೆ ತಡ ಮಾಡಿದ ಕ್ಷಣ ಅವನ ಹೆಸರು ಎಲ್ಲರ ಬಾಯಲ್ಲಿ.

ಶುಗರ್ ಬೌಲ್ ನೋಡುವಾಗ ಹತ್ತು ನಿಮಿಷ ಚೆಂಡಿನ ಮೇಲಿನ ಕಣ್ಣು ತೆಗೆದು ಈ ಐವರನ್ನೇ ನೋಡಿ. ವಾಕರ್ ಆ ದಿನ ಶುರುವಿನಲ್ಲೇ ಭುಜದ ಕೀಲು ತಪ್ಪಿಸಿಕೊಂಡರು. ಹಾಗಿದ್ದೂ 36 ಸಲ ಓಡಿ 150 ಗಜ ಗಳಿಸಿದರು. ತಂಡದ ಒಟ್ಟು ಗಳಿಕೆಯೇ 127 ಗಜ! ಒಬ್ಬನದು ತಂಡಕ್ಕಿಂತ ಹೆಚ್ಚಾಗುವುದು ಹೇಗೆ ಎಂದರೆ, ಕ್ವಾರ್ಟರ್‌ಬ್ಯಾಕನ್ನು ಯತ್ನ ಶುರುವಾದ ಗೆರೆಯ ಹಿಂದೆ ಕೆಡವಿದಾಗ ಕಳೆದುಹೋದ ಗಜಗಳನ್ನು ಕಾಲೇಜು ಆಟದಲ್ಲಿ ತಂಡದ ಓಟದ ಲೆಕ್ಕದಿಂದಲೇ ಕಳೆಯುತ್ತಾರೆ. ಕೀಲು ತಪ್ಪಿದ ಭುಜದವನಿಗೆ ಅಷ್ಟು ದಾರಿ ಬಿಡಿಸಿದವರು ಆ ಐವರು.

ಪ್ರಶ್ನೆ: ರನ್ನಿಂಗ್ ಬ್ಯಾಕ್ ಅಂದರೆ ನಮ್ಮ ಕಬಡ್ಡಿಯ ರೈಡರ್ ಅಂದುಕೊಳ್ಳಬಹುದೇ? – ಹುಬ್ಬಳ್ಳಿ

ಉತ್ತರ: ಬೇಡ. ರೈಡರ್ ಒಬ್ಬನೇ ಹೋಗುತ್ತಾನೆ, ಉಸಿರು ಅವನದೇ, ವಾಪಸು ಬರುವ ಹೊಣೆಯೂ ಅವನದೇ. ರನ್ನಿಂಗ್ ಬ್ಯಾಕಿನ ಮುಂದೆ ತಡೆಯುವವರಿರುತ್ತಾರೆ, ಅವನು ವಾಪಸು ಬರಬೇಕಾಗಿಲ್ಲ. ರೈಡರ್ ಎಂದು ಮನಸ್ಸಿನಲ್ಲಿಟ್ಟುಕೊಂಡರೆ ಒಂಟಿ ಗಿಟಾರಿನ ಹಾಡು ಹುಡುಕಲು ಹೊರಡುತ್ತೀರಿ. ಈ ಆಲ್ಬಮ್ಮಿನಲ್ಲಿ ಅಂಥದ್ದು ಸಿಗುವುದಿಲ್ಲ. ಗಿಟಾರಿನ ಒಂಟಿ ಮೆರೆದಾಟವನ್ನೂ ಆಗ ಎಲ್ಲೆಡೆ ಕೇಳುತ್ತಿದ್ದ ಸಿಂಥಸೈಜರನ್ನೂ ಬ್ಯಾಂಡು ಬೇಕೆಂದೇ ದೂರ ಇಟ್ಟಿತ್ತು.

ಪ್ರಶ್ನೆ: ಹಾಡು 12, ಆಟಗಾರರು ಕಡಿಮೆ ಅಂದರೂ 22. ಲೆಕ್ಕ ಕೂಡುತ್ತಿಲ್ಲ. ಎಲ್ಲಿಂದ ಶುರು ಮಾಡಬೇಕು? – ಮೈಸೂರು

ಉತ್ತರ: ಆಟಗಾರರನ್ನು ಎಣಿಸಬೇಡಿ, ಹನ್ನೆರಡು ಕೆಲಸಗಳನ್ನು ಎಣಿಸಿ. ಐವರ ಸಾಲು ಒಂದು ಕೆಲಸ, ಒದೆಯುವವನು ಒಂದು, ಕಿಕ್‌ಆಫ್ ತಂಡ (ಆಟದ ಶುರುವಿಗೆ, ಅಂಕ ಗಳಿಸಿದ ಮೇಲೆ ಚೆಂಡನ್ನು ಎದುರಾಳಿಯ ಕಡೆಗೆ ಒದೆಯುವವರು) ಒಂದು, ಹೀಗೆ.

ಆಲ್ಬಂ ಸುಮಾರು 44 ನಿಮಿಷ. ಮೊದಲ ಸಲ ಪೆನ್ನು ಮುಟ್ಟದೆ ಪೂರ್ತಿ ಕೇಳಿ. ಎರಡನೇ ಸಲ ಪ್ರತಿ ಹಾಡು ಮುಗಿದ ಮೇಲೆ ನಿಲ್ಲಿಸಿ ಒಂದೇ ಕ್ರಿಯಾಪದ ಬರೆಯಿರಿ: ‘ತಳ್ಳುತ್ತದೆ’, ‘ತಡೆಯುತ್ತದೆ’, ‘ಜಾರುತ್ತದೆ’. ‘ಚೆನ್ನಾಗಿದೆ’ ಎಂದು ಬರೆದಿದ್ದರೆ ಹೊಡೆದುಹಾಕಿ, ಅದರಿಂದ ಉಪಯೋಗವಿಲ್ಲ. ಮೂರನೇ ಸಲ ಒಂದೊಂದು ಮಗ್ಗುಲನ್ನು ಬೇರೆಬೇರೆಯಾಗಿ ಕೇಳಿ, ಆರು ಹಾಡು, ಆಮೇಲೆ ಆರು. ಪಂದ್ಯದ ಎರಡು ಅರ್ಧದ ಹಾಗೆ. ಆಮೇಲೆ ಪಂದ್ಯ ನೋಡಿ ಆಟಗಾರರಿಗೂ ಅದೇ ರೀತಿ ಕ್ರಿಯಾಪದ ಬರೆದು, ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಡಿ.

ತಪ್ಪಾಗುವುದು ಹೆಚ್ಚಾಗಿ ಹೀಗೆ. ಫೋನಿನ ಆ್ಯಪ್‌ನಲ್ಲಿ ಷಫಲ್ ಆನ್ ಆಗಿದ್ದು ಹಾಡುಗಳ ಕ್ರಮ ಕೆಟ್ಟಿರುತ್ತದೆ. ಮರುಬಿಡುಗಡೆಯ ಪ್ರತಿಗಳಲ್ಲಿ ಕೊನೆಗೆ ಸೇರಿಸಿದ ಹೆಚ್ಚುವರಿ ಹಾಡುಗಳನ್ನು, 2008ರ ಆವೃತ್ತಿಯಲ್ಲಿ ಇಡೀ ಒಂದು ಸಂಗೀತ ಕಛೇರಿಯನ್ನೇ, ತಂಡದೊಳಗೆ ತಂದುಬಿಡುತ್ತಾರೆ. ಹನ್ನೆರಡನೇ ಹಾಡು ‘ವೆಸ್ಟ್ ಆಫ್ ದ ಫೀಲ್ಡ್ಸ್’ ಮುಗಿದ ಮೇಲೆ ನಿಲ್ಲಿಸಿ. ಇನ್ನು ಕೆಲವರು ಸಾಹಿತ್ಯದ ಅರ್ಥ ಹಿಡಿದು ಜೋಡಿ ಮಾಡಲು ಹೋಗುತ್ತಾರೆ. ಸ್ಟೈಪ್ ಮಾತುಗಳನ್ನು ಅರ್ಧ ನುಂಗಿ ಹಾಡಿದ್ದಾರೆ, ಹೊದಿಕೆಯಲ್ಲೂ ಸಾಹಿತ್ಯ ಅಚ್ಚಾಗಿರಲಿಲ್ಲ. ದನಿಯನ್ನು ಇನ್ನೊಂದು ವಾದ್ಯವೆಂದೇ ಕೇಳಿ. ತರಬೇತುದಾರ ವಿನ್ಸ್ ಡೂಲಿಗೆ ಹಾಡು ಕೊಟ್ಟವರೂ ಇದ್ದಾರೆ. ಅವರ ಜಾಗ ನಿರ್ಮಾಪಕರಾದ ಮಿಚ್ ಈಸ್ಟರ್ ಮತ್ತು ಡಾನ್ ಡಿಕ್ಸನ್ ಜತೆ. ಶಾರ್ಲಟ್ ನಗರದ ರಿಫ್ಲೆಕ್ಷನ್ ಸ್ಟುಡಿಯೊದಲ್ಲಿ ಅವರಿಬ್ಬರು ಪರೀಕ್ಷೆಗೆಂದು ಮೊದಲು ಮುದ್ರಿಸಿದ್ದು ‘ಪಿಲ್ಗ್ರಿಮೇಜ್’. ಅದು ಒಪ್ಪಿಗೆಯಾದ ಮೇಲೇ ಉಳಿದದ್ದು.

ಪ್ರಶ್ನೆ: ವಾಕರ್‌ಗೆ ಹೈಸ್‌ಮನ್ ಪ್ರಶಸ್ತಿ ಬಂದದ್ದನ್ನು ನೀವು ಹೇಳಲೇ ಇಲ್ಲ. – ಮಂಗಳೂರು

ಉತ್ತರ: ವರ್ಷದ ಅತ್ಯುತ್ತಮ ಕಾಲೇಜು ಫುಟ್‌ಬಾಲ್ ಆಟಗಾರನಿಗೆ ಕೊಡುವ ಆ ಪ್ರಶಸ್ತಿ ಅವರಿಗೆ ಬಂದದ್ದು 1982ರಲ್ಲಿ. 1980ರಲ್ಲಿ ಅವರಿಗೆ ಮೂರನೇ ಸ್ಥಾನ, ಪ್ರಶಸ್ತಿ ಸೌತ್ ಕೆರೊಲಿನಾದ ಜಾರ್ಜ್ ರಾಜರ್ಸ್‌ಗೆ ಹೋಯಿತು. 1982ರ ತಂಡವನ್ನೇ ಆರಿಸಿಕೊಳ್ಳುವುದಾದರೆ ಆರಿಸಿಕೊಳ್ಳಿ, ಆದರೆ ಬೆಲೂ ಅದರಲ್ಲಿಲ್ಲ, ಕೊನೆಗೆ ಪೆನ್ ಸ್ಟೇಟ್ ಎದುರು 27–23ರ ಸೋಲೂ ಇದೆ. ಎರಡು ವರ್ಷಗಳನ್ನು ಬೆರೆಸಬೇಡಿ.

ಪ್ರಶ್ನೆ: ‘ವಿ ವಾಕ್’ ಹಾಡಿನಲ್ಲಿ ಗುಡುಗಿನಂಥ ಸದ್ದು ಬರುತ್ತದಲ್ಲ, ಅದೇನು? ಆ ಹಾಡಿಗೆ ಯಾರು? ಇನ್ನು ‘ಕ್ಯಾಟಪಲ್ಟ್’ ಯಾರಿಗೂ ಹೊಂದುತ್ತಿಲ್ಲ. – ಧಾರವಾಡ

ಉತ್ತರ: ಅದು ಬಿಲಿಯರ್ಡ್ಸ್ ಚೆಂಡುಗಳು ಒಂದಕ್ಕೊಂದು ಬಡಿಯುವ ಸದ್ದು. ಬೆರಿ ಆಡುತ್ತಿದ್ದಾಗ ಮುದ್ರಿಸಿ, ಟೇಪಿನ ವೇಗ ಇಳಿಸಿದ್ದಾರೆ. ವೇಗ ಇಳಿದರೆ ದನಿ ತಗ್ಗುತ್ತದೆ, ‘ಟಕ್’ ಅನ್ನುವುದು ‘ಧಡ್’ ಆಗುತ್ತದೆ. ಮಕ್ಕಳ ಹಾಡಿನಷ್ಟು ಸರಳವಾದ ರಾಗದ ನಡುವೆ ಇದು ಬರುತ್ತದೆ. ಇದು ಕಿಕ್‌ಆಫ್ ತಂಡಕ್ಕೆ ಸಲ್ಲಬೇಕು. ಶುಗರ್ ಬೌಲ್‌ನಲ್ಲಿ ಜಾರ್ಜಿಯಾ ಒದ್ದ ಚೆಂಡನ್ನು ನೋಟರ್‌ಡೇಮ್‌ನವರು ‘ನೀನು ಹಿಡಿ, ನೀನು ಹಿಡಿ’ ಎಂಬಂತೆ ಬಿಟ್ಟುಬಿಟ್ಟರು. ಓಡಿಬಂದ ಜಾರ್ಜಿಯಾದವರು ಗೆರೆಯಿಂದ ಒಂದೇ ಗಜ ದೂರದಲ್ಲಿ ಅದರ ಮೇಲೆ ಬಿದ್ದು ಚೆಂಡು ತಮ್ಮದಾಗಿಸಿಕೊಂಡರು, ಅಲ್ಲಿಂದ ವಾಕರ್ ಟಚ್‌ಡೌನ್.

‘ಶೇಕಿಂಗ್ ಥ್ರೂ’ ಹಾಡನ್ನು ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇವೆ: ಅದು ರಿಸೀವರ್ ಲಿಂಡ್ಸೆ ಸ್ಕಾಟ್. ಕೊನೆಯ ಪಲ್ಲವಿಗೆ ಶ್ರುತಿಯೇ ಒಂದು ಮೆಟ್ಟಿಲು ಮೇಲೇರುತ್ತದೆ. ಫ್ಲಾರಿಡಾ ಎದುರು 21–20 ಹಿಂದಿದ್ದಾಗ, ಕೊನೆಯ ನಿಮಿಷಗಳಲ್ಲಿ, ಬೆಲೂ ಕೊಟ್ಟ ಸಾಧಾರಣ ಪಾಸು ಹಿಡಿದ ಸ್ಕಾಟ್ ತಿರುಗಿ ಓಡಿ ಅದನ್ನು 93 ಗಜದ ಟಚ್‌ಡೌನ್ ಮಾಡಿದ್ದೂ ಹಾಗೆಯೇ.

‘ಕ್ಯಾಟಪಲ್ಟ್’ ಹೊಂದದಿರುವುದಕ್ಕೆ ನೀವು ದೊಡ್ಡ ಹೆಸರು ಹುಡುಕುತ್ತಿರುವುದೇ ಕಾರಣ. ಅದರ ಪಲ್ಲವಿಯಲ್ಲಿರುವುದು ಆ ಒಂದೇ ಪದ, ಹೇಳಿ ಸರಿಯುತ್ತದೆ. ಬೆಲೂ ಎಸೆದ ಹನ್ನೆರಡರಲ್ಲಿ ಒಂದು ಕೈ ಸೇರಿತು ಎಂದೆವಲ್ಲ, ಅದನ್ನು ಹಿಡಿದವರು ಆ್ಯಂಪ್ ಆರ್ನಲ್ಡ್. ಆಟ ಮುಗಿಯುತ್ತ ಬಂದಾಗ ಸಿಕ್ಕಿದ್ದು 7 ಗಜ. ಆ ಏಳು ಗಜದಿಂದ ಬೇಕಿದ್ದ ಹತ್ತು ಗಜ ತುಂಬಿ, ಚೆಂಡು ಜಾರ್ಜಿಯಾದ ಕೈಯಲ್ಲೇ ಉಳಿಯಿತು.