ಗುಂಡ್ಲುಪೇಟೆ ಕಡೆಯ ಎಳೆಮಕ್ಕಳಿಗೆ ಎರಡೆರಡು ಸಲ ರಕ್ತ ಪರೀಕ್ಷೆ ಯಾಕೆ?

ಒಂದು ಮಗುವಿಗೆ ಮೂರು ತಿಂಗಳಿದ್ದಾಗಲೇ ಸಿಕಲ್ ಸೆಲ್ ಅನ್ನುವ ರಕ್ತದ ಕಾಯಿಲೆಯ ಪರೀಕ್ಷೆ ಆಗಿದೆ, ನೆಗೆಟಿವ್ ಅಂತ ಬರೆದೂ ಕೊಟ್ಟಿದ್ದಾರೆ, ಮತ್ತೆ ಯಾಕೆ ಆ ಮಗುವಿಗೆ ಸೂಜಿ ಚುಚ್ಚುತ್ತೀರಿ ಅಂತ ಕೇಳಿದಿರಿ. ಮೇಷ್ಟ್ರೇ, ನೀವು ಧಾರವಾಡದಿಂದ ಈ ಕಡೆಗೆ ಬಂದು ಎರಡು ತಿಂಗಳಾಗಿದೆ, ನಿಮಗೆ ಹಾಗೆ ಅನ್ನಿಸಿದ್ದು ಸಹಜ. ನಮ್ಮ ಹಾಡಿಯ, ಅಂದರೆ ಕಾಡಂಚಿನ ಬುಡಕಟ್ಟು ಜನರ ಊರಿನ, ತಾಯಂದಿರೂ ಇದನ್ನೇ ಕೇಳುತ್ತಾರೆ. ನಾನು ಲ್ಯಾಬಿನಲ್ಲಿ ಕೆಲಸ ಮಾಡುವವಳು, ದಿನಾ ಇದೇ ರಕ್ತದ ಟ್ಯೂಬುಗಳ ನಡುವೆ ಇರುವವಳು. ಹಾಗಾಗಿ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಮೊದಲು ಊರಿನ ವಿಷಯ. ಗುಂಡ್ಲುಪೇಟೆಯಲ್ಲಿ ನಿಂತರೆ ಒಂದು ರಸ್ತೆ ಬಂಡೀಪುರ ದಾಟಿ ಗೂಡಲೂರು, ಊಟಿಗೆ ಹೋಗುತ್ತದೆ, ಇನ್ನೊಂದು ಮೂಲೆಹೊಳೆ ದಾಟಿ ಸುಲ್ತಾನ್ ಬತ್ತೇರಿಗೆ. ಚೆಕ್‌ಪೋಸ್ಟು, ಭಾಷೆ, ಬಸ್ಸಿನ ಬಣ್ಣ ಎಲ್ಲಾ ಬದಲಾಗುತ್ತದೆ, ನೆಂಟಸ್ತನ ಮಾತ್ರ ಬದಲಾಗಲ್ಲ. ನಮ್ಮಲ್ಲಿ ಜೇನುಕುರುಬರು ಅನ್ನುವವರನ್ನು ಆ ಕಡೆ ಕಾಟ್ಟುನಾಯ್ಕರು ಅನ್ನುತ್ತಾರೆ. ಹೆಣ್ಣು ಕೊಡುವುದು ತರುವುದು ಮೂರು ರಾಜ್ಯದ ನಡುವೆ ನಡೆದೇ ಇದೆ. ಚೊಚ್ಚಲ ಹೆರಿಗೆಗೆ ಹುಡುಗಿ ತವರಿಗೆ ಹೋಗುತ್ತಾಳಲ್ವಾ, ಆ ತವರು ವಯನಾಡಿನಲ್ಲೋ ನೀಲಗಿರಿಯಲ್ಲೋ ಇರುತ್ತದೆ. ಮಗು ಅಲ್ಲಿ ಹುಟ್ಟುತ್ತದೆ, ಮೂರು ಅಥವಾ ಐದು ತಿಂಗಳಿಗೆ ಇಲ್ಲಿಗೆ ಬರುತ್ತದೆ. ಜೊತೆಗೆ ಒಂದು ಪ್ಲಾಸ್ಟಿಕ್ ಕವರು, ಅದರೊಳಗೆ ಮಲಯಾಳದಲ್ಲೋ ತಮಿಳಿನಲ್ಲೋ ಬರೆದ ಕಾಗದಗಳು. ಕೆಲವು ಸಲ ಆ ಕವರೂ ಬರಲ್ಲ. ಹಾಗಾಗಿ ಅಲ್ಲಿ ಯಾವ ಪರೀಕ್ಷೆ ಆಗಿದೆ ಅಂತ ನಮಗೆ ಗೊತ್ತಾಗುವುದೇ ಕಷ್ಟ.

ನಾವು ಹುಡುಕುತ್ತಿರುವ ಕಾಯಿಲೆ ಸಿಕಲ್ ಸೆಲ್. ಕನ್ನಡದಲ್ಲಿ ಕುಡುಗೋಲು ಕಣ ರಕ್ತಹೀನತೆ ಅಂತ ಬರೆಯುತ್ತಾರೆ, ಬತ್ತೇರಿ ಕಡೆಯವರು ಅರಿವಾಳ್ ರೋಗ ಅನ್ನುತ್ತಾರೆ, ಅರಿವಾಳ್ ಅಂದರೂ ಕುಡುಗೋಲೇ. ಕೆಂಪು ರಕ್ತಕಣ ಗುಂಡಗೆ, ಮೆತ್ತಗೆ ಇರಬೇಕು. ಇದರಲ್ಲಿ ಬಾಗಿ ಗಟ್ಟಿಯಾಗುತ್ತದೆ, ಸಣ್ಣ ರಕ್ತನಾಳದಲ್ಲಿ ಸಿಕ್ಕಿಕೊಳ್ಳುತ್ತದೆ, ಅಲ್ಲಿ ನೋವು, ಊತ ಬರುತ್ತದೆ. ಒಳ್ಳೆಯ ಕಣ ಸುಮಾರು 120 ದಿನ ಬಾಳಿದರೆ ಇದು 10-20 ದಿನಕ್ಕೇ ಒಡೆದುಹೋಗುತ್ತದೆ. ಅದಕ್ಕೇ ಮಗು ಬಿಳಚಿಕೊಳ್ಳುತ್ತದೆ, ಕಣ್ಣು ಹಳದಿಯಾಗುತ್ತದೆ, ಜನ ಕಾಮಾಲೆ ಅಂದುಕೊಂಡು ನಾಟಿ ಔಷಧಿ ಕೊಡಿಸಲು ಓಡುತ್ತಾರೆ. ಇಂಡಿಯಾದಲ್ಲಿ ಈ ಕಾಯಿಲೆಯ ಗುರುತು ಮೊದಲು ಸಿಕ್ಕಿದ್ದು ಎಲ್ಲಿ ಗೊತ್ತಾ? ಇಲ್ಲೇ, ನೀಲಗಿರಿ ಬೆಟ್ಟದ ಜನರಲ್ಲಿ. 1952ರಲ್ಲಿ ಲೇಮನ್ ಮತ್ತು ಕಟ್‌ಬುಷ್ ಅನ್ನುವ ಇಬ್ಬರು ಅದನ್ನು ಬರೆದು ಪ್ರಕಟಿಸಿದರು. ಅಷ್ಟು ವರ್ಷದಿಂದ ಗೊತ್ತಿದ್ದರೂ ಹಾಡಿಯ ಮಗುವಿನ ತನಕ ಪರೀಕ್ಷೆ ಬರಲು ಎಷ್ಟು ಕಾಲ ಹಿಡಿಯಿತು ನೋಡಿ.

ಕಾಡಿನ ಜನರಲ್ಲೇ ಯಾಕೆ ಜಾಸ್ತಿ ಅಂದರೆ, ಮಲೇರಿಯಾ. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಮಾತ್ರ ಈ ಗುಣ ಬಂದರೆ ಕಾಯಿಲೆ ಇರಲ್ಲ, ಬದಲಿಗೆ ಜೋರು ಮಲೇರಿಯಾದಿಂದ ಸ್ವಲ್ಪ ರಕ್ಷಣೆ ಸಿಗುತ್ತದೆ. ಹಾಗೆ ತಲೆಮಾರುಗಳಿಂದ ಉಳಿದುಕೊಂಡು ಬಂತು. ಇಬ್ಬರಿಂದಲೂ ಬಂದರೆ ಮಾತ್ರ ಕಾಯಿಲೆ. ಅಪ್ಪ ಅಮ್ಮ ಇಬ್ಬರೂ ವಾಹಕರಾಗಿದ್ದರೆ, ಅಂದರೆ ಕಾಯಿಲೆ ಇಲ್ಲದೆ ಈ ಗುಣ ಮಾತ್ರ ಹೊತ್ತವರಾಗಿದ್ದರೆ, ಪ್ರತಿ ಬಸಿರಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ಒಂದು ಮಗುವಿಗೆ ಬಂತು, ಇನ್ನು ಮುಂದಿನ ಮೂರಕ್ಕೆ ಬರಲ್ಲ ಅಂತ ಲೆಕ್ಕ ಹಾಕುವವರಿದ್ದಾರೆ. ಹಾಗಲ್ಲ, ಪ್ರತಿ ಸಲವೂ ಅಷ್ಟೇ ಸಾಧ್ಯತೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹಳ್ಳಿ ಕ್ಯಾಂಪುಗಳಲ್ಲಿ ಮಾಡುವುದು ಸಾಲ್ಯುಬಿಲಿಟಿ ಟೆಸ್ಟು. ಸಣ್ಣ ಗಾಜಿನ ಟ್ಯೂಬಿನ ದ್ರಾವಣಕ್ಕೆ ಒಂದು ಹನಿಯಷ್ಟು ರಕ್ತ ಬಿಟ್ಟು ಅಲ್ಲಾಡಿಸಿ, ಸ್ವಲ್ಪ ಹೊತ್ತು ಬಿಟ್ಟು, ಟ್ಯೂಬಿನ ಹಿಂದೆ ಕಪ್ಪು ಗೆರೆ ಎಳೆದ ಕಾಗದ ಹಿಡಿಯುತ್ತೇವೆ. ಗೆರೆ ಕಂಡರೆ ನೆಗೆಟಿವ್. ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬಾಗಿ ಗೆರೆ ಮುಚ್ಚಿಹೋದರೆ ಒಳಗೆ ಎಸ್ ಹಿಮೋಗ್ಲೋಬಿನ್ ಇದೆ ಅಂತ. ಹಿಮೋಗ್ಲೋಬಿನ್ ಅಂದರೆ ರಕ್ತಕಣದೊಳಗಿನ ಕೆಂಪು ವಸ್ತು, ಅದರಲ್ಲಿ ಕಣವನ್ನು ಕುಡುಗೋಲಿನಂತೆ ಬಾಗಿಸುವ ಬಗೆಯೇ ಎಸ್. ಅಗ್ಗದ, ಸುಲಭದ ಪರೀಕ್ಷೆ, ದೊಡ್ಡವರಿಗೆ ಒಳ್ಳೆಯದೇ. ಆದರೆ ಎಸ್ ಒಬ್ಬರಿಂದ ಬಂದದ್ದೋ ಇಬ್ಬರಿಂದಲೂ ಬಂದದ್ದೋ, ಅಂದರೆ ಬರೀ ವಾಹಕರೋ ಕಾಯಿಲೆಯವರೋ ಅಂತ ಇದು ಹೇಳಲ್ಲ. ಎಳೆಗೂಸಿಗಂತೂ ಇದನ್ನು ನಂಬಲೇಬಾರದು.

ಯಾಕೆಂದರೆ ಆಗತಾನೇ ಹುಟ್ಟಿದ ಮಗುವಿನ ರಕ್ತದಲ್ಲಿ ನೂರಕ್ಕೆ 70-80 ಪಾಲು ಇರುವುದು ಹೊಟ್ಟೆಯೊಳಗಿದ್ದಾಗಿನ ಹಿಮೋಗ್ಲೋಬಿನ್, ಅದಕ್ಕೆ ಎಫ್ ಅನ್ನುತ್ತೇವೆ. ಎಸ್ ಇದ್ದರೂ ಆಗ ಸ್ವಲ್ಪವೇ ಇರುತ್ತದೆ. ದ್ರಾವಣ ಮಬ್ಬಾಗಲ್ಲ, ಗೆರೆ ಸ್ಪಷ್ಟವಾಗಿ ಕಾಣುತ್ತದೆ, ನೆಗೆಟಿವ್ ಅಂತ ಬರೆಯುತ್ತಾರೆ. ತಿಂಗಳು ಕಳೆದಂತೆ ಎಫ್ ಇಳಿಯುತ್ತದೆ, ಎಸ್ ಏರುತ್ತದೆ. ಆರು ತಿಂಗಳ ಆಸುಪಾಸಿನಿಂದ ಕಾಯಿಲೆ ಮುಖ ತೋರಿಸಲು ಶುರು. ಅಷ್ಟರಲ್ಲಿ ಮನೆಯವರು ‘ನಮ್ಮ ಮಗುವಿಗೆ ಏನೂ ಇಲ್ಲ’ ಅಂತ ನೆಮ್ಮದಿಯಾಗಿ ಕೂತಿರುತ್ತಾರೆ.

ಇದು ನನ್ನ ಕಣ್ಣೆದುರು ನಡೆದಿದೆ. ಒಂದು ಹೆಣ್ಣುಮಗು, ಮೂರು ತಿಂಗಳಿಗೆ ಯಾವುದೋ ಕ್ಯಾಂಪಿನಲ್ಲಿ ಇದೇ ಟ್ಯೂಬಿನ ಪರೀಕ್ಷೆ ಮಾಡಿ ನೆಗೆಟಿವ್ ಅಂತ ಚೀಟಿ ಕೊಟ್ಟಿದ್ದರು. ಹತ್ತನೇ ತಿಂಗಳಲ್ಲಿ ಎರಡೂ ಕೈ, ಎರಡೂ ಪಾದ ಊದಿಕೊಂಡವು. ಮುಟ್ಟಿದರೆ ಕಿರುಚಿಕೊಳ್ಳುತ್ತಿತ್ತು. ಬೆರಳು ಎಳೆ ಬಾಳೆಕಾಯಿಯ ಹಾಗೆ ದಪ್ಪ ಆಗಿದ್ದವು. ಬಿದ್ದಿರಬೇಕು, ಯಾರೋ ಕೈ ಹಿಡಿದು ಎಳೆದಿರಬೇಕು ಅಂತ ಎಣ್ಣೆ ತೀಡಿ ತೀಡಿ ಮೂರು ದಿನ ಕಳೆದಿದ್ದಾರೆ. ಜ್ವರವೂ ಬಂದ ಮೇಲೆ ಕರೆದುಕೊಂಡು ಬಂದರು. ಅಜ್ಜಿ ಆ ಚೀಟಿಯನ್ನು ನನ್ನ ಮುಂದೆ ಹಿಡಿದು, ‘ಇಲ್ಲ ಅಂತ ಬರ್ದವ್ರಲ್ಲವ್ವ’ ಅಂದಳು. ಆ ಮಾತು ಇವತ್ತಿಗೂ ಮರೆತಿಲ್ಲ. ಚೀಟಿ ಬರೆದವರಿಗೆ ಮಗುವಿನ ವಯಸ್ಸು ಕೇಳಲು ಒಂದು ನಿಮಿಷ ಸಾಕಿತ್ತು.

ಹಾಗಾದರೆ ಹುಟ್ಟಿದ ಕೂಡಲೇ ಕಂಡುಹಿಡಿಯಲು ಆಗಲ್ವಾ? ಖಂಡಿತ ಆಗುತ್ತದೆ. ಹುಟ್ಟಿದ ಎರಡು ಮೂರು ದಿನದೊಳಗೆ ಹಿಮ್ಮಡಿಯಿಂದ ರಕ್ತ ತೆಗೆಯುತ್ತೇವೆ. ಬೆಚ್ಚಗಿನ ಬಟ್ಟೆಯಿಂದ ಹಿಮ್ಮಡಿ ಬೆಚ್ಚಗೆ ಮಾಡಿ, ಸ್ಪಿರಿಟ್ ಒರೆಸಿ ಒಣಗಲು ಬಿಟ್ಟು, ನಡುಮಧ್ಯ ಅಲ್ಲ, ಪಕ್ಕಕ್ಕೆ ಚುಚ್ಚಬೇಕು. ಮೊದಲ ಹನಿ ಒರೆಸಿ ಬಿಡಬೇಕು. ಆಮೇಲೆ ಬರುವ ದೊಡ್ಡ ಹನಿಯನ್ನು ಫಿಲ್ಟರ್ ಪೇಪರಿನ ವೃತ್ತಕ್ಕೆ ತಾಗಿಸಿದರೆ ಅದೇ ಹೀರಿಕೊಂಡು ಹಿಂಬದಿಯ ತನಕ ಕೆಂಪಾಗುತ್ತದೆ. ಹಿಂಡಿ ಹಿಂಡಿ ತೆಗೆದರೆ ನೀರು ಸೇರಿ ಸ್ಯಾಂಪಲ್ ಕೆಡುತ್ತದೆ. ಆ ಪೇಪರನ್ನು ನೆರಳಲ್ಲಿ ಮೂರು ನಾಲ್ಕು ಗಂಟೆ ಮಲಗಿಸಿ ಒಣಗಿಸಬೇಕು, ಬಿಸಿಲಿಗೆ ಇಡಬಾರದು, ಒಂದರ ಮೇಲೊಂದು ಪೇರಿಸಬಾರದು. ಸುಮ್ನೆ ಹೇಳುತ್ತಿಲ್ಲ, ಜುಲೈ ಮಳೆಯಲ್ಲಿ ಈ ಕಡೆ ಬಟ್ಟೆಯೇ ಒಣಗಲ್ಲ, ಆ ನಾಲ್ಕು ಗಂಟೆ ಆ ಪೇಪರನ್ನು ಕೂಸಿನಂತೆ ಕಾಯಬೇಕು.

ಒಣಗಿದ ಪೇಪರು ದೊಡ್ಡ ಲ್ಯಾಬಿಗೆ ಹೋಗುತ್ತದೆ. ಅಲ್ಲಿ ಎಚ್‌ಪಿಎಲ್‌ಸಿ ಮೆಷಿನ್ನು ಹಿಮೋಗ್ಲೋಬಿನ್ನುಗಳನ್ನು ಬೇರೆ ಬೇರೆ ಮಾಡಿ, ಯಾವುದು ಎಷ್ಟಿದೆ ಅಂತ ಗುಡ್ಡಗುಡ್ಡವಾಗಿ ಗೆರೆ ಬರೆದು ತೋರಿಸುತ್ತದೆ. ಜಾಸ್ತಿ ಇರುವುದರ ಅಕ್ಷರ ಮೊದಲು. ಎ ಅಂದರೆ ಮಾಮೂಲಿ ಹಿಮೋಗ್ಲೋಬಿನ್. ಎಫ್ ಎ ಅಂತ ಬಂದರೆ ಮಾಮೂಲಿ ಮಗು. ಎಫ್ ಎ ಎಸ್ ಬಂದರೆ ವಾಹಕ ಮಾತ್ರ, ಕಾಯಿಲೆ ಅಲ್ಲ. ಎ ಇಲ್ಲದೆ ಎಫ್ ಎಸ್ ಅಷ್ಟೇ ಬಂದರೆ ನಾವು ಆ ಮನೆಯನ್ನು ಹುಡುಕಿಕೊಂಡು ಹೋಗುತ್ತೇವೆ. ಆಗಲೂ ಅಪ್ಪ ಅಮ್ಮನ ರಕ್ತ ನೋಡಬೇಕು, ಮಗುವಿಗೆ ಆರು ತಿಂಗಳು ದಾಟಿದ ಮೇಲೆ ಮತ್ತೊಮ್ಮೆ ಮಾಡಿ ಖಚಿತಪಡಿಸಬೇಕು, ಯಾಕೆಂದರೆ ಎಸ್ ಜೊತೆ ಥಲಸ್ಸೇಮಿಯಾ, ಅಂದರೆ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಇನ್ನೊಂದು ವಂಶವಾಹಿ ತೊಂದರೆ, ಸೇರಿದರೂ ಹುಟ್ಟಿದಾಗ ಹೀಗೇ ಕಾಣಬಹುದು. ಮಗುವಿಗೆ ಅಷ್ಟರಲ್ಲಿ ರಕ್ತ ಹಾಕಿಸಿದ್ದರೆ ಅದನ್ನು ಮರೆಯದೆ ಹೇಳಬೇಕು, ಕೊಟ್ಟವರ ರಕ್ತವೇ ವರದಿಯಲ್ಲಿ ಕಾಣಿಸಿಕೊಳ್ಳುತ್ತದೆ. ಬಸಿರಿನ ಟೆಸ್ಟಿನ ಪಟ್ಟಿಯಂತಹ ಕಿಟ್ಟುಗಳೂ ಈಗ ಬಂದಿವೆ, ಎಳೆಗೂಸಿನಲ್ಲೂ ಎಸ್ ಹಿಡಿಯುತ್ತವೆ, ಆದರೂ ಕೊನೆಗೆ ಮೆಷಿನ್ನಿನ ವರದಿ ಬೇಕು.

2023ರ ಜುಲೈ 1ರಂದು ಕೇಂದ್ರ ಸರ್ಕಾರ ಸಿಕಲ್ ಸೆಲ್ ಮಿಷನ್ ಶುರು ಮಾಡಿತು. 40 ವರ್ಷದೊಳಗಿನ 7 ಕೋಟಿ ಜನರಿಗೆ ಪರೀಕ್ಷೆ ಮಾಡುವ ಗುರಿ, ಕರ್ನಾಟಕವೂ ಅದರಲ್ಲಿದೆ. ಒಳ್ಳೆಯ ಕೆಲಸ, ಮನಸಾರೆ ಹೇಳುತ್ತೇನೆ. ಆದರೆ ಕ್ಯಾಂಪಿನ ಲೆಕ್ಕದಲ್ಲಿ ಮೂರು ತಿಂಗಳ ಮಗುವೂ ಒಂದು, ಮೂವತ್ತರ ಹೆಂಗಸೂ ಒಂದು ಅಂತ ಆಗಬಾರದು.

ಬೇಗ ಗೊತ್ತಾದರೆ ಏನು ಲಾಭ ಅಂತ ನೀವು ಕೇಳಬಹುದು. ಬಹಳ ಇದೆ. ಸೋಂಕಿನ ವಿರುದ್ಧ ಕಾಯುವ ಗುಲ್ಮ (ಸ್ಪ್ಲೀನ್) ಈ ಮಕ್ಕಳಲ್ಲಿ ಬೇಗ ಹಾಳಾಗುತ್ತದೆ, ಆಗ ಸಾದಾ ಸೋಂಕೂ ಜೀವ ತೆಗೆಯಬಹುದು. ಅದಕ್ಕೇ ಎರಡನೇ ತಿಂಗಳಿಂದಲೇ ದಿನಕ್ಕೆ ಎರಡು ಹೊತ್ತು ಪೆನಿಸಿಲಿನ್, ಐದು ವರ್ಷ ತುಂಬುವ ತನಕ. ನ್ಯುಮೋನಿಯಾದಂತಹ ಸೋಂಕು ತಡೆಯುವ ನ್ಯುಮೋಕಾಕಲ್ ಲಸಿಕೆ ತಪ್ಪಿಸಬಾರದು. ಎಡಗಡೆ ಪಕ್ಕೆಲುಬಿನ ಕೆಳಗೆ ಬೆರಳಿಟ್ಟು ಗುಲ್ಮ ನೋಡುವುದನ್ನು ತಾಯಿಗೇ ಕಲಿಸುತ್ತೇವೆ, ದಿಢೀರಂತ ದೊಡ್ಡದಾಗಿ ಮಗು ಬಿಳಚಿಕೊಂಡರೆ ಆ ಕ್ಷಣವೇ ಹೊರಡಬೇಕು. ಬಂಡೀಪುರದ ರಸ್ತೆಗಳು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್, ಆದರೆ ಆಂಬ್ಯುಲೆನ್ಸ್ ಬಿಡುತ್ತಾರೆ. ಇದು ಗೊತ್ತಿಲ್ಲದೆ ಜ್ವರದ ಮಗುವನ್ನು ಎದೆಗವಚಿಕೊಂಡು ಬೆಳಗಾಗಲಿ ಅಂತ ಕೂತವರಿದ್ದಾರೆ. ಸ್ವಲ್ಪ ದೊಡ್ಡವರಾದ ಮೇಲೆ ಡಾಕ್ಟರು ಹೈಡ್ರಾಕ್ಸಿಯೂರಿಯಾ ಅನ್ನುವ ಔಷಧಿ ಶುರು ಮಾಡುತ್ತಾರೆ, ನೋವು ಬರುವುದು ಕಡಿಮೆಯಾಗುತ್ತದೆ.

ನೀವು ನೋಡಿದ ಮಗುವಿನ ರಕ್ತ ಸೋಮವಾರ ಮೈಸೂರಿಗೆ ಹೋಯಿತು, ಅಪ್ಪ ಅಮ್ಮನದೂ ಜೊತೆಗೆ. ವರದಿ ಬಂದ ದಿನ ನಾನೇ ಹಾಡಿಗೆ ಹೋಗಿ ಹೇಳುತ್ತೇನೆ, ಫೋನಿನಲ್ಲಿ ಹೇಳುವ ಮಾತಲ್ಲ ಅದು. ನೀವೂ ಜೊತೆಗೆ ಬನ್ನಿ ಮೇಷ್ಟ್ರೇ. ಚಳಿ ಶುರುವಾದರೆ ಕಾಲು ನೋವು ಅಂತ ಶಾಲೆ ತಪ್ಪಿಸುತ್ತಾನೆ ಅಂತ ಮೊನ್ನೆ ಒಬ್ಬ ಹುಡುಗನ ಬಗ್ಗೆ ಹೇಳಿದಿರಲ್ಲ, ಅವನು ಆ ಮಗುವಿನ ಅಣ್ಣ. ಅವನ ರಕ್ತ ಇನ್ನೂ ಯಾರೂ ನೋಡಿಲ್ಲ.