ನರ್ಸರಿಯಲ್ಲಿ ಕಂಡ, ಎಲೆ ಉಜ್ಜಿದರೆ ಕಡಲೆಕಾಯಿ ವಾಸನೆ ಬರುವ ಹಳದಿ ಹೂವಿನ ಗಿಡ ನಮ್ಮ ತಂಗಡಿಯೇ?

ಅಲ್ಲ, ಆದರೆ ಹತ್ತಿರದ ಸಂಬಂಧಿ. ಪಾವಗಡದ ಕಡೆ ಬೇಲಿಸಾಲಿನಲ್ಲಿ ಬೆಳೆಯುವ ತಂಗಡಿ, ಅಂದರೆ ಆವರಿಕೆ, ಇದೇ ಸೆನ್ನಾ ಕುಲದ್ದು. ನೀವು ನರ್ಸರಿಯಲ್ಲಿ ಕಂಡದ್ದು ಆಫ್ರಿಕಾ ಮೂಲದ ಸೆನ್ನಾ ಡಿಡಿಮೋಬೊಟ್ರಿಯಾ. ಹುರಿದ ಕಡಲೆಕಾಯಿಯ ಆ ವಾಸನೆಯೇ ಅದರ ಗುರುತು.

ಹೂಗೊಂಚಲನ್ನು ಹತ್ತಿರದಿಂದ ನೋಡಿ, ಕಣ್ಣಿಗೆ ಹಬ್ಬ! ಮೇಣದಬತ್ತಿಯಂತೆ ನೆಟ್ಟಗೆ ನಿಂತಿರುತ್ತದೆ. ತುದಿಯ ಮೊಗ್ಗುಗಳಿಗೆ ಕಪ್ಪುಗಂದು ಹೊದಿಕೆ, ಕೆಳಗೆ ಐದೆಸಳಿನ ಅರಿಸಿನ ಬಣ್ಣದ ಹೂಗಳು. ಅವರೆ ಹೂವಿನ ಚಿಟ್ಟೆಯಾಕಾರ ಇಲ್ಲಿಲ್ಲ. ಪರಾಗವಿರುವುದು ತುದಿಯಲ್ಲಿ ರಂಧ್ರವಿರುವ ಕೇಸರಗಳೊಳಗೆ. ದೊಡ್ಡ ದುಂಬಿಗಳು ಝೇಂಕರಿಸಿ ಅದನ್ನು ಉದುರಿಸಿಕೊಳ್ಳುತ್ತವೆ.

ತಂಗಡಿಯ ಎಲೆದಂಟಿನಲ್ಲಿ ಕಿರುಎಲೆಗಳ ನಡುವೆ ಸಣ್ಣ ಗ್ರಂಥಿಗಳಿರುತ್ತವೆ, ಇದರಲ್ಲಿ ಇರುವುದಿಲ್ಲ. ಕಾಯಿ ಚಪ್ಪಟೆ. ವಿಷಕಾರಿ ಗಿಡ, ಮೇಕೆಗಳನ್ನು ದೂರವಿಡಿ.